ಮೊಸರಿನ ಗಡಿಗೆ ಮತ್ತು ಕರುಳಿನ ಮಿತ್ರರು

“ಊಟ ಬಲ್ಲವನಿಗೆ ರೋಗವಿಲ್ಲ” ಎಂಬ ಗಾದೆಯನ್ನು ಆಡಿದ ಹಿರಿಯರಿಗೆ ಸೂಕ್ಷ್ಮದರ್ಶಕದ ಪರಿಚಯವಿರಲಿಲ್ಲ. ಆದರೂ ಊಟದ ಕೊನೆಗೆ ಮಜ್ಜಿಗೆ ಬಡಿಸುವ ಪದ್ಧತಿಯನ್ನು ಅವರು ತಪ್ಪದೆ ಪಾಲಿಸಿಕೊಂಡು ಬಂದರು. ಇಂದು ಅದೇ ವಿಚಾರವು ‘ಪ್ರೊಬಯಾಟಿಕ್’ ಎಂಬ ಹೆಸರಿನಿಂದ ಪುಡಿಯಾಗಿ, ಗುಳಿಗೆಯಾಗಿ ಔಷಧದ ಅಂಗಡಿಯನ್ನು ಸೇರಿದೆ. ಮನೆಯ ಮೊಸರೂ ಅಂಗಡಿಯ ಪುಡಿಯೂ ಒಂದೆಯೆ? ಮಗುವಿಗೆ ಭೇದಿಯಾದಾಗ ಮೊದಲು ಯಾವುದನ್ನು ಕೊಡಬೇಕು? ಇವಕ್ಕೆ ಸರಿಯಾದ ಉತ್ತರವನ್ನು ಪ್ರತಿಯೊಂದು ಮನೆಯೂ ಅರಿತಿರುವುದು ಅವಶ್ಯ. ಏಕೆಂದರೆ ಇಲ್ಲಿ ತಪ್ಪು ತಿಳಿವಳಿಕೆಗೆ ತೆರಬೇಕಾದ ಬೆಲೆ ಕೆಲವೊಮ್ಮೆ ಎಳೆಯ ಜೀವವೇ ಆಗಬಹುದು.

ಹೆಪ್ಪಿನ ಕೆಲಸ

ಪುಣೆಯಿಂದ ಸುಮಾರು 100 ಕಿಲೋಮೀಟರು ದೂರದಲ್ಲಿ, ಕರ್ಹಾ ನದಿಯ ದಡದಲ್ಲಿರುವ ಬಾರಾಮತಿಯು ಕಬ್ಬಿಗೂ ಹೈನಿಗೂ ಹೆಸರಾದ ಊರು. ನೀರಾ ಎಡದಂಡೆ ಕಾಲುವೆಯ ನೀರು ಹರಿಯುವ ಈ ಸೀಮೆಯಲ್ಲಿ ಹಾಲಿಗೆ ಕೊರತೆಯಿಲ್ಲ. ಇಲ್ಲಿ ನೆಲೆಸಿದ ಕನ್ನಡದ ಗೃಹಿಣಿ ‘ಹೆಪ್ಪು’ ಎನ್ನುವುದನ್ನು ನೆರೆಮನೆಯ ಮರಾಠಿ ಗೃಹಿಣಿ ‘ವಿರಜಣ’ ಎನ್ನುತ್ತಾಳೆ. ಇವಳ ಮಜ್ಜಿಗೆ ಅವಳಿಗೆ ‘ತಾಕ’. ಹೆಸರು ಬೇರೆಯಾದರೂ ಗಡಿಗೆಯೊಳಗೆ ನಡೆಯುವ ಕಾರ್ಯ ಒಂದೇ. ಹೆಪ್ಪಿನಲ್ಲಿರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯನ್ನು ಉಂಡು ಹುಳಿಯನ್ನು ಉಂಟುಮಾಡುತ್ತವೆ. ಆ ಹುಳಿಯಿಂದ ಹಾಲಿನ ಸಸಾರಜನಕವು ಗಟ್ಟಿಯಾಗಿ ಮೊಸರಾಗುತ್ತದೆ. ಹಾಲು ಕುಡಿದರೆ ಹೊಟ್ಟೆಯುಬ್ಬರ ಪಡುವ ಅನೇಕರಿಗೆ ಮೊಸರು ಒಗ್ಗುವುದಕ್ಕೆ ಇದೇ ಕಾರಣ. ಹಾಲಿನ ಸಕ್ಕರೆಯ ಒಂದಂಶವನ್ನು ಬ್ಯಾಕ್ಟೀರಿಯಗಳು ಮೊದಲೇ ಕರಗಿಸಿರುತ್ತವೆ. ಕರುಳಿಗೆ ಹೋದ ಮೇಲೂ ಅದನ್ನು ಒಡೆಯಲು ನೆರವಾಗುತ್ತವೆ.

ಆದರೆ ಹುಳಿ ಬಂದ ಆಹಾರವೆಲ್ಲ ಜೀವಂತ ಬ್ಯಾಕ್ಟೀರಿಯಗಳನ್ನು ಹೊಟ್ಟೆಗೆ ಒಯ್ಯುವುದಿಲ್ಲ. ಇಡ್ಲಿಯ ಹಿಟ್ಟನ್ನು ಉಬ್ಬಿಸುವ ಅಣುಜೀವಿಗಳು ಹಬೆಯಲ್ಲಿ ಸಾಯುತ್ತವೆ. ಕುದಿಸಿದ ಮಜ್ಜಿಗೆ ಹುಳಿಯ ಪಾಡೂ ಅದೇ. ಅವು ರುಚಿಕರವೂ ಸುಲಭವಾಗಿ ಜೀರ್ಣವಾಗುವಂಥವೂ ಹೌದು. ಆದರೆ ಜೀವಂತ ಬ್ಯಾಕ್ಟೀರಿಯ ಬೇಕೆಂದರೆ ಕುದಿಸದ ಮೊಸರು, ಮಜ್ಜಿಗೆಗಳನ್ನೇ ಆಶ್ರಯಿಸಬೇಕು.

ಕರುಳೆಂಬ ತೋಟ

ವಯಸ್ಕನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳು ವಾಸಿಸುತ್ತವೆಂದು ವಿಜ್ಞಾನಿಗಳು 2016ರಲ್ಲಿ ಅಂದಾಜು ಮಾಡಿದರು. ಅವುಗಳಲ್ಲಿ ಬಹುಪಾಲು ದೊಡ್ಡಕರುಳಿನಲ್ಲಿವೆ. ನಾವು ಜೀರ್ಣಿಸಿಕೊಳ್ಳಲಾರದ ನಾರನ್ನು ಅವು ಒಡೆದು, ಕರುಳಿನ ಒಳಪದರಕ್ಕೆ ಪುಷ್ಟಿ ಕೊಡುವ ಆಮ್ಲಗಳನ್ನು ತಯಾರಿಸುತ್ತವೆ. ಕೆಲವು ಜೀವಸತ್ವಗಳನ್ನು ಒದಗಿಸುತ್ತವೆ. ರೋಗಾಣುಗಳು ನೆಲೆಯೂರದಂತೆ ಜಾಗವನ್ನು ಕಾಯುತ್ತವೆ. ಅಗತ್ಯವಿಲ್ಲದೆ ನುಂಗಿದ ಆಂಟಿಬಯಾಟಿಕ್ ಗುಳಿಗೆಯು ಕಳೆಯೊಂದಿಗೆ ಬೆಳೆಯನ್ನೂ ಕಿತ್ತಂತೆ ಈ ಮಿತ್ರರನ್ನು ನಾಶಮಾಡುತ್ತದೆ.

ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಡಾ. ಯೋಗೇಶ್ ಶೌಚೆ ಮತ್ತು ಅವರ ಸಹೋದ್ಯೋಗಿಗಳು ಕೂಡುಕುಟುಂಬಗಳ ಮೂರು ತಲೆಮಾರಿನವರನ್ನು ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಸೂರಿನಡಿ ಇರುವವರಲ್ಲಿಯೂ ವಯಸ್ಸಿನೊಂದಿಗೆ ಕರುಳಿನ ಅಣುಜೀವಿಗಳ ಪ್ರಮಾಣ ಬದಲಾಗುವುದನ್ನು ಅವರು ಕಂಡರು. ಮಗುವಿನ ಕರುಳು ಅಜ್ಜನ ಕರುಳಿನಂಥದಲ್ಲ. ಆದ್ದರಿಂದ ಒಂದೇ ಪುಡಿ ಎಲ್ಲರಿಗೂ ಸಮನಾಗಿ ಫಲಿಸೀತೆಂದು ನಿರೀಕ್ಷಿಸಲಾಗದು.

ವಿಚಾರ ಬೆಳೆದ ಬಗೆ

ಹುಳಿ ಹಾಲಿನ ಸೇವನೆಯಿಂದ ಆಯುಷ್ಯ ಹೆಚ್ಚೀತೆಂಬ ವಿಚಾರವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ರಚುರಪಡಿಸಿದವನು ರಷ್ಯದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್. ಅವನಿಗೆ 1908ರಲ್ಲಿ ನೊಬೆಲ್ ಬಹುಮಾನ ಬಂದುದು ರೋಗನಿರೋಧಕ ಶಕ್ತಿಯ ಸಂಶೋಧನೆಗಾಗಿ, ಮೊಸರಿಗಾಗಿ ಅಲ್ಲ. ಮುಂದೆ 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಗಳ ತಜ್ಞರು ಒಂದು ವ್ಯಾಖ್ಯೆ ಕೊಟ್ಟರು: ತಕ್ಕ ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಹಿತವುಂಟುಮಾಡುವ ಜೀವಂತ ಅಣುಜೀವಿಗಳೇ ಪ್ರೊಬಯಾಟಿಕ್. ಮನೆಯ ಮೊಸರು ಉತ್ತಮ ಆಹಾರವಾದರೂ, ಅದರಲ್ಲಿ ಯಾವ ತಳಿ ಎಷ್ಟಿದೆಯೆಂದು ಗೊತ್ತಿಲ್ಲವಾದ್ದರಿಂದ ಅದನ್ನು ಈ ಕಟ್ಟುನಿಟ್ಟಾದ ಅರ್ಥದಲ್ಲಿ ಪ್ರೊಬಯಾಟಿಕ್ ಎನ್ನಲಾಗದು.

ಪರೀಕ್ಷೆಯ ಒರೆಗಲ್ಲು

ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ಆರೋಗ್ಯವಂತ ನವಜಾತ ಶಿಶುಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಒಂದು ನಿರ್ದಿಷ್ಟ ತಳಿಯ ಲ್ಯಾಕ್ಟೋಬ್ಯಾಸಿಲಸ್ ಅನ್ನು ಅದಕ್ಕೆ ಪೋಷಕವಾದ ಸಕ್ಕರೆಯೊಂದಿಗೆ ಏಳು ದಿನ ಕೊಟ್ಟಾಗ, ರಕ್ತದ ನಂಜು ಮತ್ತು ಮರಣಗಳು ಒಟ್ಟಾಗಿ ಶೇಕಡ 40ರಷ್ಟು ಕಡಿಮೆಯಾದವು. ಕಲ್ಕತ್ತೆಯ ಕೊಳೆಗೇರಿಯ ಮಕ್ಕಳಿಗೆ ಹನ್ನೆರಡು ವಾರ ಪ್ರೊಬಯಾಟಿಕ್ ಪಾನೀಯ ಕೊಟ್ಟಾಗ ಭೇದಿಯ ಪ್ರಮಾಣ ಇಳಿದುದು ಕೇವಲ ಶೇಕಡ 14. ಆದರೆ ಅಮೆರಿಕ, ಕೆನಡಾಗಳಲ್ಲಿ 1,800ಕ್ಕೂ ಹೆಚ್ಚು ಭೇದಿಪೀಡಿತ ಮಕ್ಕಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಎರಡು ಪರೀಕ್ಷೆಗಳಲ್ಲಿ ಪ್ರಯೋಜನವೇ ಕಾಣಲಿಲ್ಲ. ಗುಣವು ತಳಿಯನ್ನೂ ಪ್ರಮಾಣವನ್ನೂ ಸೇವಿಸುವವರನ್ನೂ ಅವಲಂಬಿಸಿದೆ ಎಂಬುದು ಇದರಿಂದ ಸ್ಪಷ್ಟ. ಅಕಾಲದಲ್ಲಿ ಹುಟ್ಟಿದ ಶಿಶುಗಳಿಗೆ ಇವನ್ನು ಕೊಡುವುದು ಅಪಾಯಕರವಾಗಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2023ರಲ್ಲಿ ಎಚ್ಚರಿಸಿತು. ವೈದ್ಯರ ಸಲಹೆಯಿಲ್ಲದೆ ಶಿಶುಗಳಿಗೂ ರೋಗನಿರೋಧಕ ಶಕ್ತಿ ಕುಂದಿದವರಿಗೂ ಇವನ್ನು ಕೊಡಬಾರದು.

ಭೇದಿಗೆ ಮೊದಲ ಮದ್ದು

ಭೇದಿಯಾದ ಮಗು ಸಾಯುವುದು ಹೆಚ್ಚಾಗಿ ದೇಹದ ನೀರು, ಲವಣಗಳು ಬತ್ತುವುದರಿಂದ. ಆದ್ದರಿಂದ ಮೊದಲು ಕೊಡಬೇಕಾದುದು ಓ.ಆರ್.ಎಸ್. ದ್ರಾವಣ. ಗ್ಲೂಕೋಸು ಮತ್ತು ಉಪ್ಪು ಜೊತೆಗೂಡಿದಾಗ ರೋಗಗ್ರಸ್ತ ಕರುಳೂ ನೀರನ್ನು ಹೀರಿಕೊಳ್ಳುತ್ತದೆ. 1971ರಲ್ಲಿ ಬಂಗಾಳದ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಅವರು ಇದೇ ದ್ರಾವಣದಿಂದ ಅಸಂಖ್ಯ ಕಾಲರಾ ರೋಗಿಗಳನ್ನು ಉಳಿಸಿದರು. ದೊಡ್ಡ ಪೊಟ್ಟಣವೊಂದನ್ನು ಒಂದು ಲೀಟರು ಶುದ್ಧ ನೀರಿನಲ್ಲಿ ಪೂರ್ತಿ ಕರಗಿಸಿ, ಚಮಚದಿಂದ ಆಗಾಗ ಕುಡಿಸಬೇಕು. ತಾಯಿಯ ಹಾಲನ್ನು ನಿಲ್ಲಿಸಕೂಡದು. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಮಿನಂತೆ 14 ದಿನ ಸತುವಿನ ಗುಳಿಗೆಯನ್ನೂ ಕೊಡುವುದುಂಟು. ಊಟ ಮಾಡುವ ಮಗುವಿಗೆ ಮೊಸರನ್ನ ಒಳ್ಳೆಯದೇ. ಆದರೆ ಮೊಸರಾಗಲಿ ಪ್ರೊಬಯಾಟಿಕ್ ಪುಡಿಯಾಗಲಿ ಈ ದ್ರಾವಣದ ಬದಲಿಯಲ್ಲ. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಜಡತೆ, ಕುಡಿಯಲಾರದ ಸ್ಥಿತಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ದಿನನಿತ್ಯದ ಪಥ್ಯ

ಆರೋಗ್ಯವಂತರು ಕರುಳಿನ ಮಿತ್ರರಿಗಾಗಿ ಹೆಚ್ಚು ಹಣ ವ್ಯಯಿಸಬೇಕಾಗಿಲ್ಲ. ಜೋಳದ ರೊಟ್ಟಿ, ಇಡಿಯ ಕಾಳುಗಳ ಪಲ್ಯ, ಮೆಂತ್ಯದಂಥ ಸೊಪ್ಪು, ಹಸಿಯ ಈರುಳ್ಳಿ—ಇವು ಆ ಅಣುಜೀವಿಗಳಿಗೆ ನಿತ್ಯದ ಉಣಿಸು. ಭೀಮೆಯ ಆಚೆಗೂ ಈಚೆಗೂ ಇದೇ ಊಟ ತಲೆಮಾರುಗಳಿಂದ ನಡೆದು ಬಂದಿದೆ. ಅದರೊಂದಿಗೆ ಕಾಯಿಸಿ ಆರಿಸಿದ ಹಾಲಿಗೆ ಶುಚಿಯಾದ ಪಾತ್ರೆಯಲ್ಲಿ ಹೆಪ್ಪಿಟ್ಟ ಮೊಸರೂ, ಶುದ್ಧ ನೀರು ಬೆರೆಸಿ ಕಡೆದ ಮಜ್ಜಿಗೆಯೂ ಇದ್ದರೆ ಸಾಕು. ವೈದ್ಯರು ಪ್ರೊಬಯಾಟಿಕ್ ಬರೆದುಕೊಟ್ಟಲ್ಲಿ ತಳಿಯ ಹೆಸರು, ಜೀವಂತ ಅಣುಜೀವಿಗಳ ಸಂಖ್ಯೆ, ಬಳಸಬೇಕಾದ ಕೊನೆಯ ದಿನಾಂಕ, ಇವನ್ನು ನೋಡಿ ಕೊಳ್ಳಬೇಕು. ತಂಪಿನಲ್ಲಿಡಲು ಸೂಚಿಸಿದ್ದರೆ ತಂಪಿನಲ್ಲಿಯೇ ಇಡಬೇಕು. ಮೊಸರಿನ ಗಡಿಗೆ ಅಡಿಗೆಮನೆಯಲ್ಲಿರಲಿ, ಓ.ಆರ್.ಎಸ್. ಪೊಟ್ಟಣವೊಂದು ಮಕ್ಕಳಿರುವ ಪ್ರತಿಯೊಂದು ಮನೆಯ ಕಪಾಟಿನಲ್ಲಿ ಸದಾ ಸಿದ್ಧವಾಗಿರಲಿ.