ಹೊರನಾಡಿನ ದಾರಿಯಲ್ಲಿ ಸೈಕಲ್ಲಿನ ಹೊರೆ

ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರ, ಕಳಸಗಳನ್ನು ಹಾದು ಹೊರನಾಡಿಗೆ ಸುಮಾರು 100 ಕಿಲೋಮೀಟರು. ಚಿಕ್ಕಮಗಳೂರು ಸಮುದ್ರಮಟ್ಟದಿಂದ 1,000 ಮೀಟರಿಗೂ ಮೇಲಿದೆ. ಹೊರನಾಡು ಅದಕ್ಕಿಂತ ತಗ್ಗಿನಲ್ಲಿದೆ. ಹಾಗಾದರೆ ಸೈಕಲ್ಲು ತಾನಾಗಿಯೇ ಇಳಿಯುವುದಲ್ಲವೆ, ಹೊರೆ ಎಷ್ಟಿದ್ದರೇನು ಎಂದು ಕೆಲವರಿಗೆ ತೋರಬಹುದು. ನಾವೂ ಮೊದಲ ಸಲ ಹಾಗೆಯೇ ಎಣಿಸಿ, ಜಮಖಾನ, ನಾಲ್ಕು ಜೊತೆ ಬಟ್ಟೆ, ದಪ್ಪನೆಯ ಎರಡು ಪುಸ್ತಕಗಳೇ ಮೊದಲಾಗಿ 10 ಕಿಲೋಗ್ರಾಂ ಅನಾವಶ್ಯಕ ಸಾಮಾನನ್ನು ಕ್ಯಾರಿಯರಿಗೆ ಬಿಗಿದು ಹೊರಟಿದ್ದೆವು. ಕಾಫಿ ತೋಟಗಳ ನಡುವಣ ರಸ್ತೆಯು ಒಂದು ಗುಡ್ಡವನ್ನು ಇಳಿಯುವುದೇ ಮತ್ತೊಂದನ್ನು ಏರುವುದಕ್ಕಾಗಿ ಎಂಬುದನ್ನು ಕಾಲುಗಳು ತಿಳಿಸಿದವು.

ಈ 10 ಕಿಲೋಗ್ರಾಮಿಗೆ ನಾವು ತೆರುವ ಬೆಲೆಯೆಷ್ಟು? ದಾರಿಯ ಏರುಗಳೆಲ್ಲ ಕೂಡಿ 1,500 ಮೀಟರು ಎಂದಿಟ್ಟುಕೊಳ್ಳೋಣ. ದ್ರವ್ಯರಾಶಿ, ಗುರುತ್ವದ ವೇಗೋತ್ಕರ್ಷ, ಎತ್ತರ ಇವುಗಳ ಗುಣಲಬ್ಧ 10 × 9.8 × 1,500. ಅಂದರೆ 1,47,000 ಜೂಲುಗಳಷ್ಟು ಕೆಲಸ. ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಸುಮಾರು ಕಾಲುಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲವು. ಆದುದರಿಂದ ಬೇಕಾಗುವುದು ಸುಮಾರು 140 ಕಿಲೋಕ್ಯಾಲೊರಿ. ಮೂರು ನಾಲ್ಕು ಇಡ್ಲಿಗಳಲ್ಲಿ ಅಷ್ಟು ಶಕ್ತಿಯುಂಟು!

ಹೊಟ್ಟೆಯ ಲೆಕ್ಕ ಇಷ್ಟು ಅಗ್ಗವಾದರೂ ಕಾಲಿನ ಲೆಕ್ಕ ಬೇರೆ. ಗಂಟೆಗಟ್ಟಲೆ ತುಳಿಯುವಾಗ 100 ವಾಟಿನ ಸಾಮರ್ಥ್ಯವನ್ನು ನೀಡುವವನು ಆ ಹೆಚ್ಚಿನ ಕೆಲಸಕ್ಕಾಗಿಯೇ ಸುಮಾರು 25 ನಿಮಿಷ ದುಡಿಯಬೇಕು. ಸಮತಟ್ಟಾದ ಒಳ್ಳೆಯ ರಸ್ತೆಯಲ್ಲಿ ಈ ಹೊರೆಯನ್ನು ಎಳೆಯಲು ಒಂದು ನ್ಯೂಟನ್ನಿನಷ್ಟು ಬಲವೂ ಬೇಡ. 100 ಮೀಟರಿಗೆ 8 ಮೀಟರು ಏರುವ ಕಡೆ ಸುಮಾರು 8 ನ್ಯೂಟನ್ ಹೆಚ್ಚಾಗಿ ಬೇಕು. ಗೇರಿಲ್ಲದ ಸೈಕಲ್ಲಿನವನು ಇಳಿದು ತಳ್ಳತೊಡಗುವುದು ಇಂತಹ ಕಡೆಯಲ್ಲಿಯೇ.

ಆದರೆ ನಿಜವಾದ ಅಪಾಯವಿರುವುದು ಇಳಿಜಾರಿನಲ್ಲಿ. ಸವಾರ, ಸೈಕಲ್ಲು, ಹೊರೆ ಎಲ್ಲವೂ ಕೂಡಿ 100 ಕಿಲೋಗ್ರಾಂ ಎನ್ನೋಣ. ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಅದರ ಚಲನಶಕ್ತಿ ಸುಮಾರು 3,500 ಜೂಲು. 100 ಮೀಟರು ತಗ್ಗಿಗೆ ಇಳಿಯುವಾಗ ಬಿಡುಗಡೆಯಾಗುವುದು 98,000 ಜೂಲು, ಅಂದರೆ ಅದರ 28 ಮಡಿ! ಗಾಳಿ ಸ್ವಲ್ಪ ಪಾಲನ್ನು ನುಂಗುವುದು. ವೇಗ ಏರಬಾರದಾದರೆ ಉಳಿದುದನ್ನು ಹೆಚ್ಚಾಗಿ ಬ್ರೇಕಿನ ರಬ್ಬರೇ ಶಾಖವಾಗಿ ಮಾರ್ಪಡಿಸಬೇಕು. ರಿಮ್ಮು ಒದ್ದೆಯಾಗಿದ್ದರೆ ನಡುವಣ ನೀರಿನ ಪೊರೆಯಿಂದ ಘರ್ಷಣೆ ಬಹಳ ತಗ್ಗುವುದು. ನಮ್ಮ ಪ್ರವಾಸದಂದು ಮಳೆ ಹಿಡಿದಿತ್ತು. ಹತ್ತಿಯು ತನ್ನ ತೂಕಕ್ಕಿಂತ ಹೆಚ್ಚು ನೀರನ್ನು ಹೀರಬಲ್ಲುದು. ಜಮಖಾನ ತೊಯ್ದು ಭಾರ ಇನ್ನಷ್ಟು ಬೆಳೆದಿತ್ತು. ಒಂದು ತಿರುವಿನಲ್ಲಿ ಬ್ರೇಕು ಹಿಡಿದರೂ ಸೈಕಲ್ಲು ನಿಲ್ಲದೆ ಕಾಫಿ ಗಿಡಗಳೊಳಕ್ಕೆ ನುಗ್ಗಿತು. ಎದುರಿನಿಂದ ಬಸ್ಸು ಬಾರದಿದ್ದುದು ನಮ್ಮ ಪುಣ್ಯ.

ಏನನ್ನು ಬಿಡಬಹುದು? ಬುತ್ತಿಯ ದೊಡ್ಡ ಗಂಟು ಬೇಡ. ಹೊರನಾಡಿನ ಅನ್ನಪೂರ್ಣೇಶ್ವರಿ ದೇವಸ್ಥಾನದಲ್ಲಿ ಬಂದವರಿಗೆಲ್ಲ ಊಟವುಂಟು. ಒಂದು ಲೀಟರು ನೀರೆಂದರೆ ಒಂದು ಕಿಲೋಗ್ರಾಂ; ಅದನ್ನು ಊರೂರಿನಲ್ಲಿ ತುಂಬಿಸಿಕೊಳ್ಳಬಹುದು. ಆದರೆ ಪಂಪು, ತೇಪೆ, ಸೊಲ್ಯೂಷನ್ನು, ಪಾನಾ, ಒಂದು ಜೊತೆ ಬ್ರೇಕಿನ ರಬ್ಬರು, ಮಳೆಯಂಗಿ ಇವನ್ನು ಬಿಡುವುದು ಮಿತವ್ಯಯವಲ್ಲ, ಹುಚ್ಚುಸಾಹಸ. ಗಂಟನ್ನು ಹಿಂದಿನ ಚಕ್ರದ ಎರಡು ಪಕ್ಕಗಳಲ್ಲಿ, ಆದಷ್ಟು ಕೆಳಗೆ ಬಿಗಿಯಬೇಕು. ಹ್ಯಾಂಡಲಿಗೆ ತೂಗುಹಾಕಿದ ಚೀಲ ಓಲಾಡುತ್ತ ಮುಂದಿನ ಚಕ್ರವನ್ನೂ ಓಲಾಡಿಸುವುದು.

ಎರಡನೆಯ ಸಲ ನಮ್ಮ ಹೊರೆಯೆಲ್ಲ ಸೇರಿ 5 ಕಿಲೋಗ್ರಾಂ ತೂಗಿತು. ಅದರಲ್ಲಿ ಪುಸ್ತಕವೊಂದಿತ್ತು, ಅದನ್ನೂ ಓದಲಿಲ್ಲ.