ಮಗುವಿನ ಜ್ವರವೂ ಮೇಲಧಿಕಾರಿಯೂ

ಊರಿನಲ್ಲಿದ್ದರೆ ಮಗುವಿಗೆ ಜ್ವರ ಬಂದಾಗ ಅಜ್ಜಿಯೋ ಅತ್ತೆಯೋ ಹಾಸಿಗೆಯ ಪಕ್ಕದಲ್ಲಿ ಕೂರುತ್ತಿದ್ದರು. ಮುಂಬಯಿಗೆ ಬಂದು ನೆಲೆಸಿದ ನಮ್ಮಂಥವರಿಗೆ ಆ ಅನುಕೂಲವಿಲ್ಲ. ಡೋಂಬಿವಲಿಯ ಮನೆಗೆ ಬೀಗ ಹಾಕಿ ಗಂಡಹೆಂಡಿರಿಬ್ಬರೂ ಬೆಳಗಿನ ಲೋಕಲ್ ಹಿಡಿಯುವ ಸಂಸಾರದಲ್ಲಿ ಮಗುವಿನ ಮೈ ಬಿಸಿಯಾಯಿತೆಂದರೆ ಒಬ್ಬರ ರಜೆ ಖರ್ಚಾಯಿತೆಂದೇ ಅರ್ಥ. ಸೀತಾಳೆ ಸಿಡುಬಾದರಂತೂ ಗುಳ್ಳೆಗಳೆಲ್ಲ ಒಣಗಿ ಹೆಕ್ಕಳೆ ಕಟ್ಟುವವರೆಗೆ ಶಾಲೆಗೂ ಕಳುಹಿಸುವಂತಿಲ್ಲ, ನೆರೆಮನೆಯಲ್ಲೂ ಬಿಡುವಂತಿಲ್ಲ.

ಸರಕಾರ ಈ ಕಷ್ಟವನ್ನು ಕಾಣದೆ ಇಲ್ಲ. ಕೇಂದ್ರ ಸರಕಾರದ ಮಹಿಳಾ ನೌಕರರಿಗೆ 2008ರಿಂದ ಶಿಶುಪಾಲನಾ ರಜೆಯುಂಟು. 18 ವರ್ಷ ತುಂಬದ ಇಬ್ಬರು ಮಕ್ಕಳಿಗಾಗಿ ಇಡೀ ಸೇವಾವಧಿಯಲ್ಲಿ 730 ದಿನ. 2018ರ ತಿದ್ದುಪಡಿಯಿಂದ ಇದು ಒಂಟಿ ತಂದೆಗೂ ದೊರೆಯಿತು. ಮೊದಲ 365 ದಿನಕ್ಕೆ ಪೂರ್ಣ ಸಂಬಳ, ಉಳಿದುದಕ್ಕೆ ಶೇಕಡ 80. ಆದರೆ ಒಮ್ಮೆಗೆ ಐದು ದಿನಕ್ಕಿಂತ ಕಡಿಮೆ ಕೊಡುವಂತಿಲ್ಲ. ಮಕ್ಕಳ ಜ್ವರವೋ ಎರಡು ದಿನದ್ದು, ಅದೂ ಹೇಳದೆ ಬರುವಂಥದು. ಹೀಗಾಗಿ ಹೊರೆಯೆಲ್ಲ ವರ್ಷಕ್ಕೆ ಎಂಟೇ ದಿನವಿರುವ ಸಾಂದರ್ಭಿಕ ರಜೆಯ ಮೇಲೆ ಬೀಳುತ್ತದೆ. ಹೆಂಡತಿಯುಳ್ಳ ತಂದೆಗಂತೂ ಶಿಶುಪಾಲನಾ ರಜೆಯೇ ಇಲ್ಲ. ರಜೆಯೆಂಬುದು ಹಕ್ಕಲ್ಲವೆಂದು ನಿಯಮವೇ ಹೇಳುವುದರಿಂದ ಕೊನೆಗೆ ಎಲ್ಲವೂ ಮೇಲಧಿಕಾರಿಯ ಮನಸ್ಸಿಗೆ ಬಂದು ನಿಲ್ಲುತ್ತದೆ.

"ಮತ್ತೆ ಮಗುವಿಗೆ ಜ್ವರವೇ?" ಎಂದು ಹತ್ತು ಮಂದಿಯ ಎದುರಿಗೆ ಕೇಳುವ ಅಧಿಕಾರಿಗೆ ಮುಂದಿನ ಸಲ ನಿಜ ತಿಳಿಯುವುದಿಲ್ಲ. ನೌಕರನು ತನಗೇ ಹೊಟ್ಟೆನೋವೆಂದು ಬರೆದುಕೊಡುತ್ತಾನೆ. ಆ ಸುಳ್ಳನ್ನು ಕಲಿಸಿದವರು ಯಾರು? ಗಂಡಸು ರಜೆ ಕೇಳಿದರೆ, "ಮನೆಯಲ್ಲಿ ಹೆಂಗಸರಿಲ್ಲವೇನ್ರೀ?" ಎಂಬ ಮಾತು ಸಿದ್ಧವಾಗಿರುತ್ತದೆ. ಆ ಹೆಂಗಸು ಅದೇ ಹೊತ್ತಿಗೆ ಇನ್ನೊಂದು ಕಚೇರಿಯಲ್ಲಿ ಇನ್ನೊಬ್ಬ ಸಾಹೇಬರ ಮುಂದೆ ನಿಂತಿರುತ್ತಾಳೆ!

ಮಗು ಹೇಗಿದೆಯೆಂದು ಮೊದಲು ಕೇಳಬೇಕು. ಇಂದು ತಡೆಯಲಾಗದ ಕಾಗದ ಯಾವುದಿದೆಯೆಂದು ಆಮೇಲೆ. ಇಷ್ಟಕ್ಕೆ ಟೆಲಿಫೋನಿನಲ್ಲಿ ಎರಡು ನಿಮಿಷ ಸಾಕು. ಒಂದು ಮೇಜಿನ ಕೆಲಸ ಇನ್ನೊಬ್ಬರಿಗೂ ತಿಳಿದಿರುವಂತೆ ಮುಂಚೆಯೇ ಏರ್ಪಡಿಸಿದ ಅಧಿಕಾರಿಗೆ ಈ ಪ್ರಶ್ನೆ ಹಗುರ. ಏರ್ಪಡಿಸದವರೇ ಹೆಚ್ಚು ಸಿಡುಕುತ್ತಾರೆಂಬುದು ನಾವು ಕಂಡ ಮಾತು. ಸಾಂದರ್ಭಿಕ ರಜೆಯನ್ನು ಅರ್ಧ ದಿನಕ್ಕೂ ಕೊಡಬಹುದು. ತಂದೆತಾಯಿ ಹೊತ್ತು ಹಂಚಿಕೊಂಡರೆ ಎರಡೂ ಕಚೇರಿಗಳ ಕೆಲಸ ಸಾಗೀತು. ಗೈರುಹಾಜರಿ ಪದೇಪದೇ ಆಗುತ್ತಿದ್ದರೆ ಮೆಮೊ ಕೊಡುವ ಮೊದಲು ಒಬ್ಬರನ್ನೇ ಕೋಣೆಗೆ ಕರೆದು ವಿಚಾರಿಸಬೇಕು. ಮಗುವಿಗೆ ಉಬ್ಬಸವಿದ್ದೀತು, ತಾಯಿಗೆ ಶಿಶುಪಾಲನಾ ರಜೆಯ ನಿಯಮವೇ ಗೊತ್ತಿಲ್ಲದಿದ್ದೀತು.

ಇಲ್ಲಿ ಮಕ್ಕಳಿಲ್ಲದ ಸಹೋದ್ಯೋಗಿಯನ್ನು ಮರೆಯಬಾರದು. ಪ್ರತಿ ಸಲವೂ ಅವನ ತಲೆಗೇ ಕೆಲಸ ಕಟ್ಟಿದರೆ ಅವನು ಗೊಣಗುವುದು ನ್ಯಾಯವೇ. ಊರಿನಲ್ಲಿ ಅವನ ತಾಯಿ ಹಾಸಿಗೆ ಹಿಡಿದಾಗ ಅವನಿಗೂ ಇದೇ ಮುಖ, ಇದೇ ಮಾತು ದೊರೆಯಬೇಕು.

ನಮ್ಮ ಕಡೆಯಿಂದಲೂ ಕೆಲವು ಸಲ್ಲಬೇಕು. ಕಚೇರಿ ತೆರೆಯುವ ಮೊದಲೇ ತಿಳಿಸುವುದು. ಬೀರುವಿನ ಬೀಗದ ಕೈಯನ್ನು ಸಂಜೆ ಮನೆಗೆ ಒಯ್ಯದಿರುವುದು. ಕಡತ ಫೋರ್ಟಿನಲ್ಲಿ, ಬೀಗದ ಕೈ ಡೋಂಬಿವಲಿಯಲ್ಲಿ ಎಂದಾದರೆ ಎಂಥ ಸಮಾಧಾನಿ ಸಾಹೇಬರ ದನಿಯೂ ಏರುತ್ತದೆ.