ಬೈಕ್ ಗುದ್ದಿದರೆ ಪರಿಹಾರ ಕೊಡುವವರು ಯಾರು?

ಒಬ್ಬ ಅಕ್ಕ ಸಂತೆಗೆ ನಡೆದು ಹೋಗುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಹಿಂದಿನಿಂದ ಬೈಕ್ ಬಂದು ಗುದ್ದಿತು. ಕಾಲು ಮುರೀತು. ಮೂರು ತಿಂಗಳು ಕೂಲಿ ಇಲ್ಲ. ಬೈಕಿನವನು ಐನೂರು ರೂಪಾಯಿ, ಒಂದು ಕಾಗದ ಹಿಡಿದು ಬಂದ. "ಕೇಸು ಬೇಡಕ್ಕ, ನಾನೂ ಬಡವ. ಇಲ್ಲಿ ಹೆಬ್ಬೆಟ್ಟು ಒತ್ತು" ಅಂದ.

ಅವನು ಬಡವನೇ ಇರಬಹುದು. ಆದರೆ ಬೈಕಿಗೆ ವಿಮೆ ಇದ್ದರೆ, ಹಣ ಕೊಡಬೇಕಾದದ್ದು ವಿಮಾ ಕಂಪನಿ. ರಸ್ತೆಗೆ ಇಳಿಯುವ ಬೈಕಿಗೆ ವಿಮೆ ಇರಲೇಬೇಕು. 1988ರ ಮೋಟಾರು ವಾಹನ ಕಾಯ್ದೆ ಹೀಗೆ ಹೇಳುತ್ತದೆ. ತಪ್ಪು ಬೈಕಿನವನದಾದರೆ ಆಸ್ಪತ್ರೆ ಖರ್ಚು, ಹೋದ ಕೂಲಿ, ಪಟ್ಟ ನೋವು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ವಿಮೆ ಇಲ್ಲವೇ? ಆಗ ಮಾಲೀಕನೇ ಕೊಡಬೇಕು.

ನೀವೇನು ಮಾಡಬೇಕು?

ಬೈಕಿನ ನಂಬರು ಬರೆದುಕೊಳ್ಳಿ. ಪೊಲೀಸರಿಗೆ ದೂರು ಕೊಡಿ. ಆಸ್ಪತ್ರೆ ಚೀಟಿ, ಬಿಲ್ಲು ಜೋಪಾನ ಮಾಡಿ. ಆರು ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿ. ವಕೀಲರಿಗೆ ಕೊಡಲು ದುಡ್ಡಿಲ್ಲವೇ? ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ.

ನಿಮ್ಮ ಮನೆಯಲ್ಲೂ ಬೈಕ್ ಇದೆಯೇ? ಅದರ ವಿಮೆ ಕಾಗದ ತೆಗೆದು ನೋಡಿ. ಬರೀ ಕಡ್ಡಾಯ ವಿಮೆ ಇದ್ದರೆ, ಹಿಂದೆ ಕೂತವರಿಗೆ ಅದರಿಂದ ಪರಿಹಾರ ಸಿಗುವುದಿಲ್ಲ. ಪ್ಯಾಕೇಜ್ ವಿಮೆ ಇದ್ದರೆ ಸಿಗುತ್ತದೆ. ಹಿಂದೆ ಕೂರುವವರು ನಾವೇ ಅಲ್ಲವೇ?

ಓದದೆ ಯಾವ ಕಾಗದಕ್ಕೂ ಒಪ್ಪಿಗೆ ಕೊಡಬೇಡಿ. ಈಗ ನಿಮಗೆ ಓದಲು ಬರುತ್ತದಲ್ಲಾ!